ಆಟಿಯಲ್ಲಿ ಗಿಟಾರಿನ ಹೊಟ್ಟೆ ಬಿಚ್ಚಿದ್ದು

ಎಲೆಕ್ಟ್ರಿಕ್ ಗಿಟಾರಿನಿಂದ ಗುಂಯ್ ಎಂಬ ಸದ್ದು ಬರುವುದು ಒಂದು ತೊಂದರೆ, ನಾದ ಹಿತವಾಗಿಲ್ಲದಿರುವುದು ಇನ್ನೊಂದು. ಇವೆರಡನ್ನೂ ಒಂದೇ ಎಂದುಕೊಂಡು, ದುಬಾರಿ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಿಗ್ನಲ್ ಆಗಿಸುವ, ಕಾಂತ ಮತ್ತು ಸುರುಳಿಯ ಭಾಗ) ತರಿಸಿ, ಹಳೆಯ ವಯರಿಂಗಿಗೇ ಅದನ್ನು ಬೆಸೆದು, ಕೊನೆಗೆ ಹಣವೂ ಹೋಯಿತು ಗುಂಯ್ ಸದ್ದೂ ಉಳಿಯಿತು ಎಂದು ಬೇಸರಪಟ್ಟವರನ್ನು ನಮ್ಮ ಕಡೆಯ ತಂಡಗಳಲ್ಲಿ ಸಾಕಷ್ಟು ಕಂಡಿದ್ದೇನೆ. ಆದ್ದರಿಂದ ನನ್ನ ಗಿಟಾರಿನ ಸರದಿ ಬಂದಾಗ ಪಿಕಪ್ಪನ್ನು ಕೊನೆಯ ಕೆಲಸವಾಗಿ ಇಟ್ಟುಕೊಂಡೆ. ಅದಕ್ಕೂ ಮೊದಲು ಮಾಡಿದ ಕೆಲಸಗಳೇ ಹೆಚ್ಚು ಫಲ ಕೊಟ್ಟವು.

ಕಾಸರಗೋಡಿನ ಬದಿಯಡ್ಕದ ಹತ್ತಿರದ ಊರು ನನ್ನದು. ರಸಮಂಜರಿ ತಂಡದಲ್ಲಿ ಗಿಟಾರ್ ನುಡಿಸುತ್ತೇನೆ. ಜಾತ್ರೆ, ಶಾಲೆಯ ವಾರ್ಷಿಕೋತ್ಸವ, ಮದುವೆಯ ಮನೆ, ಭಜನಾ ಮಂದಿರದ ಉತ್ಸವ ಎಲ್ಲ ಕಡೆಗೂ ಹೋಗುತ್ತೇವೆ. ಒಂದೇ ಸಂಜೆ ಕನ್ನಡ, ತುಳು, ಮಲಯಾಳದ ಹಾಡುಗಳು ಬರುತ್ತವೆ. ಗಾಯಕರು ಹಾಡುವಾಗ ಹಿಂದೆ ಸರಿದು ತೆಳುವಾಗಿ ಕಾರ್ಡ್ ಬಿಡಿಸಬೇಕು. ನಡುವಿನ ಬಿಜಿಎಂ, ಅಂದರೆ ವಾದ್ಯಗಳದ್ದೇ ಭಾಗ, ಬಂದಾಗ ಮುಂದೆ ಬರಬೇಕು. ಹಾಗಾಗಿ ವಾಲ್ಯೂಮ್ ಗುಬುಟಿನ ಮೇಲೆ ನನ್ನ ಕಿರುಬೆರಳು ಸದಾ ಇರುತ್ತದೆ. ಗಿಟಾರ್ ಸ್ಟ್ರಾಟೋಕಾಸ್ಟರ್ ಮಾದರಿಯದು, ನೆಕ್ ಬದಿಗೆ, ನಡುವೆ, ತಂತಿ ಕೂರುವ ಬ್ರಿಜ್ ಬದಿಗೆ ಒಂದೊಂದರಂತೆ ಮೂರು ಸಿಂಗಲ್ ಕಾಯಿಲ್ (ಒಂದೇ ಸುರುಳಿಯ) ಪಿಕಪ್, ಅವುಗಳಲ್ಲಿ ಬೇಕಾದ್ದನ್ನು ಆರಿಸಲು ಐದು ಸ್ಥಾನದ ಸ್ವಿಚ್. ಮಂಗಳೂರಿನಲ್ಲಿ ಬಳಸಿದ್ದನ್ನೇ ಕೊಂಡದ್ದು. ಬೆಲೆ ಕಡಿಮೆಯಾದರೂ ನೆಕ್ ನೇರವಾಗಿತ್ತು, ಫ್ರೆಟ್‌ಗಳು ಸವೆದಿರಲಿಲ್ಲ, ಶ್ರುತಿ ನಿಲ್ಲುತ್ತಿತ್ತು. ಇಷ್ಟಿದ್ದರೆ ಮಾತ್ರ ಒಳಗಿನದಕ್ಕೆ ಹಣ ಹಾಕುವುದರಲ್ಲಿ ಅರ್ಥವಿದೆ. ನೆಕ್ ತಿರುಚಿಕೊಂಡ ಗಿಟಾರಿಗೆ ಎಂಥ ಪಿಕಪ್ ಹಾಕಿದರೂ ವ್ಯರ್ಥ.

ದೂರುಗಳು ಮೂರಿದ್ದವು. ವೇದಿಕೆಯಲ್ಲಿ ಟ್ಯೂಬ್‌ಲೈಟ್, ಬಣ್ಣದ ಸೀರೀಸ್ ಲೈಟ್ ಉರಿಯತೊಡಗಿದ ಕೂಡಲೇ ಗುಂಯ್ ಸದ್ದು. ಬ್ರಿಜ್ ಪಿಕಪ್ಪಿನಲ್ಲಿ ಕಿವಿ ಚುಚ್ಚುವ ತೀಕ್ಷ್ಣತೆ. ವಾಲ್ಯೂಮನ್ನು ಸ್ವಲ್ಪ ಇಳಿಸಿದರೆ ಸಾಕು, ನಾದದ ಹೊಳಪೆಲ್ಲ ಮಾಯವಾಗಿ ಕಂಬಳಿ ಹೊದೆಸಿದಂತೆ ಮಂಕಾಗುವುದು.

ಕುಂಬಳೆಯಲ್ಲಿ ನನ್ನ ಅಪ್ಪಚ್ಚಿ (ಚಿಕ್ಕಪ್ಪ) ಇದ್ದಾರೆ. ಹಿಂದೆ ರೇಡಿಯೋ ರಿಪೇರಿ, ಅನಂತರ ಯಕ್ಷಗಾನದ ಆಟಗಳಿಗೆ, ಬಯಲು ಸಭೆಗಳಿಗೆ ಮೈಕ್‌ಸೆಟ್. ಗಿಟಾರ್ ನುಡಿಸಲು ಅವರಿಗೆ ಬಾರದು, ಆದರೆ ಸರ್ಕ್ಯೂಟಿನ ಸದ್ದು ಎಲ್ಲಿಂದ ಹುಟ್ಟುತ್ತದೆಂದು ಅವರಷ್ಟು ಬೇಗ ಹೇಳುವವರನ್ನು ನಾನು ಕಂಡಿಲ್ಲ. "ಹೊಸ ಪಿಕಪ್ ತರಿಸಲೇ ಅಪ್ಪಚ್ಚಿ?" ಎಂದು ಕೇಳಿದ್ದಕ್ಕೆ, "ಮಾಣಿ, ಸದ್ದು ಯಾವ ದಾರಿಯಲ್ಲಿ ಒಳಗೆ ಬರುತ್ತದೆಂದು ಮೊದಲು ನೋಡು. ಕೊಳ್ಳುವ ಮಾತು ಆಮೇಲೆ" ಎಂದರು.

ನೋಡುವ ಕ್ರಮ ಸರಳ. ಗಿಟಾರಿನ ವಾಲ್ಯೂಮನ್ನು ಸೊನ್ನೆಗೆ ತಂದರೂ ಗುಂಯ್ ನಿಲ್ಲದಿದ್ದರೆ ದೋಷ ಕೇಬಲಿನಲ್ಲಿ, ಆಂಪ್ಲಿಫಯರಿನಲ್ಲಿ ಅಥವಾ ಅರ್ತಿಂಗ್‌ನಲ್ಲಿ. ನನ್ನದು ನಿಂತಿತು, ಅಂದರೆ ಗಿಟಾರಿನೊಳಗಿನಿಂದಲೇ ಬರುತ್ತಿತ್ತು. ಮುಂದೆ, ತಂತಿಗಳನ್ನು ಕೈಯಿಂದ ಮುಟ್ಟಿದಾಗ ಸದ್ದು ಇಳಿಯಿತು. ಬ್ರಿಜ್‌ಗೆ ಹೋಗುವ ಗ್ರೌಂಡ್ ವಯರ್ ಸರಿಯಾಗಿದೆ, ಆದರೆ ಒಳಗಿನ ವಯರುಗಳಿಗೆ ರಕ್ಷಣೆ ಇಲ್ಲ ಎಂಬುದಕ್ಕೆ ಅದು ಗುರುತು. ಮುಟ್ಟಿದಾಗ ಸದ್ದು ಏರಿದ್ದರೆ ಆ ಗ್ರೌಂಡ್ ವಯರೇ ಕಡಿದಿದೆ ಎಂದು ಸಂಶಯಪಡಬೇಕು. ಕೊನೆಗೆ, ಗಿಟಾರ್ ಹಿಡಿದುಕೊಂಡು ನಿಂತಲ್ಲೇ ನಿಧಾನವಾಗಿ ತಿರುಗಿದೆ. ಒಂದು ದಿಕ್ಕಿನಲ್ಲಿ ಏರಿ ಇನ್ನೊಂದರಲ್ಲಿ ಇಳಿಯುವ ಸದ್ದಿನ ಪಾಲೊಂದಿತ್ತು. ಅದು ಟ್ರಾನ್ಸ್‌ಫಾರ್ಮರ್, ಟ್ಯೂಬ್‌ಲೈಟಿನ ಚೋಕ್‌ಗಳ 50 ಹರ್ಟ್ಸ್ ಕಾಂತಕ್ಷೇತ್ರ ನೇರವಾಗಿ ಪಿಕಪ್ಪಿನ ಸುರುಳಿಗೇ ತಗುಲುವುದರಿಂದ ಬರುವುದು. ಅಂದರೆ ಒಂದೇ ಎಂದು ತೋರುವ ಗುಂಯ್‌ನಲ್ಲಿ ಎರಡು ಬಗೆಗಳಿವೆ. ಹೊರಗಿನ ವಯರುಗಳಿಂದ ಹಾರಿ ಬರುವ ಕಿರಿಕಿರಿ ಸದ್ದನ್ನು ಲೋಹದ ಹೊದಿಕೆ ತಡೆಯುತ್ತದೆ. ಕಾಂತಕ್ಷೇತ್ರದ ಗುಂಯ್‌ಗೆ ತೆಳ್ಳನೆಯ ತಾಮ್ರದ ಹಾಳೆ ಅಡ್ಡಿಯೇ ಅಲ್ಲ. ಇದನ್ನು ಮೊದಲೇ ತಿಳಿದುಕೊಂಡವರು ತಾಮ್ರ ಹಚ್ಚಿದ ಮೇಲೆ ನಿರಾಶರಾಗುವುದಿಲ್ಲ.

ಅರ್ತಿಂಗ್ ಬಗ್ಗೆ ಇಲ್ಲಿಯೇ ಹೇಳಿಬಿಡುತ್ತೇನೆ, ಏಕೆಂದರೆ ಇದು ನಾದದ ಮಾತಲ್ಲ, ಜೀವದ ಮಾತು. ಗಿಟಾರಿನ ತಂತಿಗಳು ಗ್ರೌಂಡ್ ವಯರಿನ ಮೂಲಕ ಆಂಪ್ಲಿಫಯರಿನ ಲೋಹದ ಚೌಕಟ್ಟಿಗೆ ಸೇರಿರುತ್ತವೆ. ಅಲ್ಲಿ ದೋಷವಿದ್ದು ಫೇಸ್ ಚೌಕಟ್ಟಿಗೆ ಬಂದರೆ ಅದು ನೇರ ಬೆರಳಿಗೆ ಬರುತ್ತದೆ, ತುಟಿಯ ಮುಂದೆ ಬೇರೆ ಮೈಕ್ ಇರುತ್ತದೆ. ಗುಂಯ್ ಕಡಿಮೆಯಾಗಲೆಂದು ಮೂರು ಪಿನ್ನಿನ ಪ್ಲಗ್ಗಿನಲ್ಲಿ ಅರ್ತ್ ಪಿನ್ನನ್ನು ಕಿತ್ತುಹಾಕುವ ಅಭ್ಯಾಸ ಕೆಲವು ಕಡೆ ಇದೆ. ದಯವಿಟ್ಟು ಅದನ್ನು ಮಾಡಬೇಡಿ. ನಮ್ಮ ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿ ಅರ್ತ್ ಕೆಲಸ ಮಾಡುವುದೇ ಇಲ್ಲವೆಂದು ಅಪ್ಪಚ್ಚಿ ಉಪ್ಪು, ಇದ್ದಿಲು ತುಂಬಿದ ಗುಂಡಿಗೆ ಕೊಡಪಾನದಲ್ಲಿ ನೀರು ಹೊಯ್ಯಿಸುತ್ತಾರೆ. ಕಾರ್ಯಕ್ರಮದ ಮೊದಲು ಟೆಸ್ಟರ್ ಹಿಡಿದು ನೋಡದೆ ನಾನು ಜ್ಯಾಕ್ ಚುಚ್ಚುವುದಿಲ್ಲ.

ತುಳುವರ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ನಮಗೆ ಕಾರ್ಯಕ್ರಮಗಳಿರುವುದಿಲ್ಲ. ಜಾತ್ರೆಯಿಲ್ಲ, ಮದುವೆಯಿಲ್ಲ, ಹೊರಗೆ ಎಡೆಬಿಡದ ಮಳೆ. ಗಿಟಾರ್ ಬಿಚ್ಚಲು ಅದೇ ಸಮಯ. ಕರೆಂಟು ಬಂದಾಗ ಬೆಸುಗೆ, ಹೋದಾಗ ಅಳತೆ ಮತ್ತು ಉಜ್ಜುವ ಕೆಲಸ.

ತಂತಿ ಸಡಿಲಿಸಿ ಪಿಕ್‌ಗಾರ್ಡ್ (ಪಿಕಪ್, ಗುಬುಟುಗಳು ಕೂರುವ ಮುಂಬದಿಯ ಫಲಕ) ಎತ್ತಿದಾಗ ಒಳಗೆ ಕಂಡದ್ದು: ಮರದ ಗೂಡಿಗೆ ಬಣ್ಣ ಬಿಟ್ಟರೆ ಏನೂ ಇಲ್ಲ, ಕೂದಲೆಳೆಯಂಥ ವಯರುಗಳು, ಗುಬುಟುಗಳ ಕೆಳಗಿನ 16 ಮಿಲಿಮೀಟರಿನ ಸಣ್ಣ ಕಂಟ್ರೋಲುಗಳ ಮೇಲೆ "ಬಿ 500 ಕೆ" ಎಂಬ ಅಚ್ಚು, 473 (ಅಂದರೆ 0.047 ಮೈಕ್ರೋಫ್ಯಾರಡ್) ಎಂದು ಬರೆದ ಹಸಿರು ಟೋನ್ ಕೆಪಾಸಿಟರ್. ಪಿಕಪ್ಪುಗಳನ್ನು ತಿರುವಿದರೆ ತಳದಲ್ಲಿ ಕಪ್ಪು ಸೆರಾಮಿಕ್ ಕಾಂತದ ಪಟ್ಟಿ. ಮೇಲೆ ಕಾಣುವ ಆರು ಕಂಬಗಳು ಕಾಂತಗಳಲ್ಲ, ಬರಿಯ ಉಕ್ಕು. ಈ ಬೆಲೆಯ ಗಿಟಾರುಗಳಲ್ಲಿ ಸಾಮಾನ್ಯವಾಗಿ ಕಾಣುವ ಒಳಾಂಗಣವೇ ಇದು. ವಯರಿಂಗಿನ ಫೋಟೋಗಳನ್ನು ಎಲ್ಲ ಕೋನಗಳಿಂದ ಮೊಬೈಲಿನಲ್ಲಿ ತೆಗೆದುಕೊಂಡು, ನಕ್ಷೆಯನ್ನು ಕಾಗದದ ಮೇಲೂ ಬರೆದುಕೊಂಡೆ. ಬಿಚ್ಚುವ ಮೊದಲೇ ಒಂದು ಜಿ ಮೇಜರ್ ಕಾರ್ಡನ್ನು ಐದೂ ಸ್ಥಾನಗಳಲ್ಲಿ ನುಡಿಸಿ ರೆಕಾರ್ಡ್ ಮಾಡಿದ್ದೆ. ಒಂದೊಂದು ಕೆಲಸ ಮುಗಿದಾಗಲೂ ಅದೇ ಕಾರ್ಡ್, ಅದೇ ಕೇಬಲ್, ಆಂಪ್ಲಿಫಯರಿನಲ್ಲಿ ಅದೇ ಸೆಟ್ಟಿಂಗ್. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವ ದಾರಿಯೇ ಇಲ್ಲ. ಕಿವಿಯ ನೆನಪು ಒಂದು ಗಂಟೆಯೂ ನಿಲ್ಲುವಂಥದಲ್ಲ.

ಮೊದಲು ತಾಮ್ರದ ಹೊದಿಕೆ. ಅಂಟಿರುವ ತಾಮ್ರದ ಟೇಪನ್ನು ಪಿಕಪ್ಪಿನ ಗುಂಡಿ, ಕಂಟ್ರೋಲಿನ ಗುಂಡಿ, ಜ್ಯಾಕಿನ ಗೂಡು ಎಲ್ಲಕ್ಕೂ ತಳ, ಗೋಡೆ ಬಿಡದೆ ಹಚ್ಚಿ, ಅಂಚನ್ನು ಮೇಲಕ್ಕೆ ಮಡಚಿ ಪಿಕ್‌ಗಾರ್ಡಿನ ಹಿಂಬದಿಯ ಹಾಳೆಗೆ ಮುಟ್ಟುವಂತೆ ಮಾಡಬೇಕು. ಮಳೆಗಾಲದ ತೇವಕ್ಕೆ ಅಂಟು ಹಿಡಿಯುವುದು ಕಷ್ಟ. ಗೂಡನ್ನು ಸ್ಪಿರಿಟಿನಿಂದ ಒರೆಸಿ, ಟೇಬಲ್ ಲ್ಯಾಂಪಿನ ಬಿಸಿಯಲ್ಲಿ ಒಣಗಿಸಿ ಆಮೇಲೆ ಹಚ್ಚಿದೆ. ಟೇಪಿನ ಅಂಟು ವಿದ್ಯುತ್ ಹರಿಸುತ್ತದೆ ಎಂದು ಪೊಟ್ಟಣದ ಮೇಲೆ ಬರೆದಿದ್ದರೂ ಅದನ್ನೇ ನಂಬಿ ಕೂರಬಾರದು. ಒಂದು ತುಂಡು ಇನ್ನೊಂದರ ಮೇಲೆ ಕೂರುವ ಪ್ರತಿ ಜಾಗಕ್ಕೂ ಬೆಸುಗೆಯ ಒಂದು ಚುಕ್ಕಿ ಇಟ್ಟು, ಮಲ್ಟಿಮೀಟರಿನ ಬೀಪ್ ಸದ್ದು ಮೂಲೆಯಿಂದ ಮೂಲೆಗೆ ಬರುತ್ತದೆಯೇ ಎಂದು ನೋಡಿದೆ. ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ ಅಗ್ಗ, ಆದರೆ ಅದಕ್ಕೆ ಸಾಮಾನ್ಯ ಬೆಸುಗೆ ಹಿಡಿಯದು. ಸ್ವಿಚ್ಚಿನ ಕಾಲು ಮತ್ತು ಜ್ಯಾಕಿನ ತುದಿ ತಾಮ್ರಕ್ಕೆ ತಗುಲಿದರೆ ಗಿಟಾರ್ ಪೂರ್ತಿ ಮೂಕವಾಗುತ್ತದೆ, ಆ ಜಾಗಗಳಿಗೆ ಇನ್ಸುಲೇಷನ್ ಟೇಪ್ ಹಾಕಿದೆ. ಇಡೀ ಹೊದಿಕೆಯನ್ನು ಒಂದು ವಯರಿನಿಂದ ಗ್ರೌಂಡಿಗೆ ಸೇರಿಸಿದರೆ ಕೆಲಸ ಮುಗಿಯಿತು.

ಹಳೆಯ ಪಿಕಪ್ಪುಗಳೇ ಇರುವಂತೆ ಮತ್ತೆ ಜೋಡಿಸಿ ರೆಕಾರ್ಡ್ ಮಾಡಿದೆ. ಕಿರಿಕಿರಿ ಸದ್ದು ಬಹುಪಾಲು ಹೋಗಿತ್ತು. ತಂತಿಯಿಂದ ಕೈ ತೆಗೆದರೂ ಏರುತ್ತಿರಲಿಲ್ಲ. ದಿಕ್ಕಿಗೆ ತಕ್ಕಂತೆ ಬದಲಾಗುವ ಆಳವಾದ ಗುಂಯ್ ಮಾತ್ರ ಉಳಿದಿತ್ತು, ಅದು ಉಳಿಯಲೇಬೇಕಿತ್ತು.

ಮುಂದಿನದು ಕಂಟ್ರೋಲುಗಳು. ನನ್ನ ಮನಸ್ಸಿಗೆ ಅತ್ಯಂತ ಹಿಡಿಸಿದ ಭಾಗ ಇದೇ. ಪಿಕಪ್ ಒಂಟಿಯಾಗಿ ನಾದ ಕೊಡುವುದಿಲ್ಲ. ಅದರ ಸುರುಳಿಯ ಇಂಡಕ್ಟೆನ್ಸ್, ಕೇಬಲಿನ ಕೆಪಾಸಿಟೆನ್ಸ್, ಕಂಟ್ರೋಲಿನ ರೆಸಿಸ್ಟೆನ್ಸ್ ಮೂರೂ ಸೇರಿ ಒಂದೇ ಸರ್ಕ್ಯೂಟ್. ಈ ಸರ್ಕ್ಯೂಟಿಗೆ ಒಂದು ಅನುರಣನದ ಶಿಖರ ಇರುತ್ತದೆ, ಅದರ ಹತ್ತಿರದ ಸ್ವರಾಂಶಗಳು ಎದ್ದು ಕೇಳಿಸುತ್ತವೆ, ಆಚೆಗೆ ಇಳಿದುಹೋಗುತ್ತವೆ. ಕಂಟ್ರೋಲಿನ ರೆಸಿಸ್ಟೆನ್ಸ್ ಹೆಚ್ಚಿದ್ದಷ್ಟು ಶಿಖರ ಚೂಪು, ಕಡಿಮೆಯಿದ್ದಷ್ಟು ದುಂಡು. ಸಿಂಗಲ್ ಕಾಯಿಲಿಗೆ 250 ಕಿಲೋ ಓಮ್, ಎರಡು ಸುರುಳಿಯ ಹಂಬಕರ್ ಪಿಕಪ್ಪಿಗೆ 500 ಎಂಬ ರೂಢಿ ಬಂದದ್ದು ಇದರಿಂದ. ನನ್ನ ಗಿಟಾರಿನಲ್ಲಿ ಸಿಂಗಲ್ ಕಾಯಿಲಿಗೆ 500 ಹಾಕಿದ್ದರು. ಬ್ರಿಜ್ ಪಿಕಪ್ ಕಿವಿ ಚುಚ್ಚುತ್ತಿದ್ದುದಕ್ಕೆ ಅರ್ಧ ಕಾರಣ ಅಲ್ಲಿಯೇ ಇತ್ತು.

ಇನ್ನು "ಬಿ" ಎಂಬ ಅಕ್ಷರ. ಬಿ ಎಂದರೆ ಲೀನಿಯರ್, ಎ ಎಂದರೆ ಲಾಗ್. ಲೀನಿಯರ್ ಕಂಟ್ರೋಲನ್ನು 10ರಿಂದ 5ಕ್ಕೆ ತಿರುಗಿಸಿದರೆ ವೋಲ್ಟೇಜ್ ಅರ್ಧವಾಗುತ್ತದೆ, ಅಂದರೆ 6 ಡೆಸಿಬಲ್ ಇಳಿತ. ಕಿವಿಗೆ ಅದು ಸಣ್ಣ ಇಳಿತ ಮಾತ್ರ. ಉಳಿದದ್ದೆಲ್ಲ ಕೊನೆಯ ಎರಡು ಅಂಕಿಗಳಲ್ಲಿ ಧೊಪ್ಪನೆ ಇಳಿಯುತ್ತದೆ. ಗಾಯಕರ ಹಿಂದೆ ನುಡಿಸುವವನಿಗೆ ಇದು ದೊಡ್ಡ ಕಾಟ. ಲಾಗ್ ಕಂಟ್ರೋಲ್ ಕಿವಿಯ ಲೆಕ್ಕಕ್ಕೆ ಸರಿಯಾಗಿ ಇಳಿಯುತ್ತದೆ.

ಮಂಗಳೂರಿನ ಬಿಡಿಭಾಗದ ಅಂಗಡಿಗಳಲ್ಲಿ ರೇಡಿಯೋ, ಆಂಪ್ಲಿಫಯರುಗಳ 220 ಕೆ, 470 ಕೆ ಲಾಗ್ ಕಂಟ್ರೋಲುಗಳು ಸಿಗುತ್ತವೆ. ವಿದ್ಯುತ್ತಿನ ದೃಷ್ಟಿಯಿಂದ 220 ಧಾರಾಳ ಸಾಕು. ಆದರೆ ಅವುಗಳ ದಂಡ ಗಿಟಾರಿನ ಗುಬುಟಿಗೆ ಕೂರುವುದಿಲ್ಲ. ಅಂತರ್ಜಾಲದಲ್ಲಿ ಗಿಟಾರಿಗೆಂದೇ ಮಾಡಿದ ದೊಡ್ಡ ಗಾತ್ರದ "ಎ 250 ಕೆ" ಮೂರನ್ನು ತರಿಸಿದೆ. ತರಿಸುವವರು ಎರಡು ಅಳತೆ ನೋಡಿಕೊಳ್ಳಬೇಕು. ದೊಡ್ಡ ಕಂಟ್ರೋಲಿನ ಕುತ್ತಿಗೆಗೆ ಸುಮಾರು 9.5 ಮಿಲಿಮೀಟರ್ ತೂತು ಬೇಕು, ಅಗ್ಗದ ಪಿಕ್‌ಗಾರ್ಡಿನ ತೂತು ಅದಕ್ಕಿಂತ ಚಿಕ್ಕದು. ಉರುಟು ಅರದಿಂದ ನಿಧಾನವಾಗಿ ಹಿಗ್ಗಿಸಬೇಕು. ದಂಡದ ಹಲ್ಲುಗಳೂ ಬೇರೆ: ಒಂದು ಬಗೆಗೆ 18, ಇನ್ನೊಂದಕ್ಕೆ 24. ಹಳೆಯ ಗುಬುಟು ಹೊಸ ದಂಡಕ್ಕೆ ಒತ್ತಿ ಕೂರಿಸಿದರೆ ಸೀಳುತ್ತದೆ.

ಬೆಸುಗೆಗೆ 60/40 ಲೆಡ್ (ತವರ-ಸೀಸದ ಮಿಶ್ರಣ) ಬಳಸಿದೆ. ಅದು 183 ಡಿಗ್ರಿಗೆ ಕರಗತೊಡಗುತ್ತದೆ. ಕಂಟ್ರೋಲಿನ ಬೆನ್ನಿಗೆ ಗ್ರೌಂಡ್ ವಯರ್ ಹಚ್ಚುವಾಗ 25 ವಾಟಿನ ಐರನ್ ಸಾಲದು. ಬಿಸಿಯೆಲ್ಲ ಲೋಹ ಹೀರಿಕೊಂಡು, ಬೆಸುಗೆ ಉಂಡೆಯಾಗಿ ಕೂರುತ್ತದೆ, ಹಿಡಿಯುವುದಿಲ್ಲ. ಹೆಚ್ಚು ಹೊತ್ತು ಹಿಡಿದರೆ ಒಳಗಿನ ಕಾರ್ಬನ್ ಪಥ ಕೆಡುತ್ತದೆ. ಅಪ್ಪಚ್ಚಿ ತಮ್ಮ 60 ವಾಟಿನದನ್ನು ಕೊಟ್ಟು, "ಬೆನ್ನನ್ನು ಮರಳು ಕಾಗದದಲ್ಲಿ ಉಜ್ಜು, ಪೇಸ್ಟ್ ತಾಗಿಸು, ಬಿಸಿ ಕೊಟ್ಟ ಕೂಡಲೇ ತೆಗೆ" ಎಂದರು. ಬಿಸಿ ಹೆಚ್ಚು, ಹೊತ್ತು ಕಡಿಮೆ. ಕೆಲಸ ಹಾಗೆಯೇ ಆಯಿತು.

ವಯರಿಂಗಿನಲ್ಲಿ ಎರಡು ಬದಲಾವಣೆ ಸೇರಿಸಿದೆ. ಮೂಲ ನಕ್ಷೆಯಲ್ಲಿ ಬ್ರಿಜ್ ಪಿಕಪ್ಪಿಗೆ ಟೋನ್ ಕಂಟ್ರೋಲೇ ಇರುವುದಿಲ್ಲ. ಒಂದು ನೆಕ್ಕಿಗೆ, ಇನ್ನೊಂದು ನಡುವಿನದಕ್ಕೆ. ಸ್ವಿಚ್ಚಿನಲ್ಲಿ ಒಂದು ತುಂಡು ವಯರ್ ಜೋಡಿಸಿ ಎರಡನೆಯ ಟೋನನ್ನು ಬ್ರಿಜ್‌ಗೂ ಹಂಚಿದೆ. ಎರಡನೆಯದು ಟ್ರೆಬಲ್ ಬ್ಲೀಡ್. ವಾಲ್ಯೂಮ್ ಇಳಿಸಿದಾಗ ಕಂಟ್ರೋಲಿನ ರೆಸಿಸ್ಟೆನ್ಸ್ ಸಿಗ್ನಲಿನ ದಾರಿಗೆ ಅಡ್ಡ ಬಂದು ಕೇಬಲಿನ ಕೆಪಾಸಿಟೆನ್ಸ್ ಜೊತೆ ಸೇರಿ ಮೇಲಿನ ಸ್ವರಾಂಶಗಳನ್ನು ನುಂಗುತ್ತದೆ. ವಾಲ್ಯೂಮ್ ಕಂಟ್ರೋಲಿನ ಒಳಬರುವ ಕಾಲು ಮತ್ತು ನಡುವಿನ ಕಾಲಿನ ಮಧ್ಯೆ 1200 ಪಿಕೋಫ್ಯಾರಡ್ ಕೆಪಾಸಿಟರನ್ನೂ 130 ಕಿಲೋ ಓಮ್ ರೆಸಿಸ್ಟರನ್ನೂ ಒಂದರ ಹಿಂದೆ ಒಂದಾಗಿ ಜೋಡಿಸಿದೆ. ಮೇಲಿನ ಸ್ವರಾಂಶಗಳಿಗೆ ಅದು ಪಕ್ಕದ ದಾರಿ. ಎರಡರ ಬೆಲೆ ಸೇರಿದರೂ ಒಂದು ಚಹಾದ ಖರ್ಚಿಲ್ಲ. ವಾಲ್ಯೂಮನ್ನು 6ಕ್ಕೆ ಇಟ್ಟು ಕಾರ್ಡ್ ಬಿಡಿಸಿದಾಗ ಪ್ರತಿ ತಂತಿಯೂ ಬೇರೆ ಬೇರೆಯಾಗಿ ಕೇಳಿಸಿತು. ಇಷ್ಟು ವರ್ಷ ಗಾಯಕರ ಹಿಂದೆ ನಾನು ಹುಡುಕುತ್ತಿದ್ದ ನಾದ ಹಳೆಯ ಪಿಕಪ್ಪಿನಲ್ಲಿಯೇ ಇತ್ತು! ಅಂದು ರಾತ್ರಿ ತುಂಬ ಹೊತ್ತು ನುಡಿಸಿದೆ.

ಟೋನ್ ಕೆಪಾಸಿಟರನ್ನು ಬದಲಿಸಲಿಲ್ಲ. ಎಣ್ಣೆ ತುಂಬಿದ ಹಳೆಯ ಕಾಲದ ಕೆಪಾಸಿಟರಿಗೆ ಸಾವಿರಗಟ್ಟಲೆ ಕೊಡುವವರಿದ್ದಾರೆ. ಟೋನ್ ಪೂರ್ತಿ ತೆರೆದಿರುವಾಗ ಅದರ ಪಾತ್ರ ತೀರಾ ಅಲ್ಪ, ಇಳಿಸಿದಾಗ ಮುಖ್ಯವಾಗುವುದು ಅದು ಎಷ್ಟು ಮೈಕ್ರೋಫ್ಯಾರಡ್ ಎಂಬುದು. ಹಸಿರು 0.047 ಅಲ್ಲಿಯೇ ಇರಲಿ ಎಂದುಕೊಂಡೆ.

ಕೇಬಲಿನ ಮಾತನ್ನೂ ಸೇರಿಸಬೇಕು. ಸಾಧಾರಣ ಕೇಬಲಿಗೆ ಮೀಟರಿಗೆ ಸುಮಾರು 100 ಪಿಕೋಫ್ಯಾರಡ್. 2.4 ಹೆನ್ರಿ ಇಂಡಕ್ಟೆನ್ಸಿನ ಪಿಕಪ್ಪಿಗೆ ಹತ್ತು ಮೀಟರಿನ ಕೇಬಲ್ ಚುಚ್ಚಿದರೆ, ಪಿಕಪ್ಪಿನದೇ ಸುಮಾರು 100 ಪಿಕೋಫ್ಯಾರಡ್ ಸೇರಿಸಿಕೊಂಡು, ಶಿಖರ 3100 ಹರ್ಟ್ಸ್ ಹತ್ತಿರ ಬರುತ್ತದೆ, ಮೂರು ಮೀಟರಿನದಾದರೆ 5100ರ ಹತ್ತಿರ. ಲೆಕ್ಕ ಮಾಡಿ ನೋಡಿದಾಗ ನನಗೇ ಆಶ್ಚರ್ಯವಾಯಿತು. ಅದೇ ಪಿಕಪ್, ಕೇಬಲ್ ಮಾತ್ರ ಬೇರೆ! ವೇದಿಕೆಯಲ್ಲಿ ಓಡಾಡಲೆಂದು ಇಟ್ಟುಕೊಂಡಿದ್ದ ಉದ್ದದ ಕೇಬಲನ್ನು ಕೀಬೋರ್ಡಿನವರಿಗೆ ಕೊಟ್ಟುಬಿಟ್ಟೆ. ಅವರ ವಾದ್ಯಕ್ಕೆ ಅದರಿಂದ ತೊಂದರೆಯಿಲ್ಲ.

ಇಷ್ಟಾದ ಮೇಲೆಯೇ ಪಿಕಪ್. ಹಂಬಕರ್ ಹಾಕಿದರೆ ಗುಂಯ್ ಪೂರ್ತಿ ಹೋಗುತ್ತಿತ್ತು. ಗಿಬ್ಸನ್ ಕಂಪನಿಯಲ್ಲಿ ಸೇತ್ ಲವರ್ 1955ರಲ್ಲಿ ರೂಪಿಸಿದ್ದು ಅದಕ್ಕಾಗಿಯೇ: ಎರಡು ಸುರುಳಿಗಳನ್ನು ಒಂದಕ್ಕೊಂದು ವಿರುದ್ಧವಾಗಿ ಜೋಡಿಸಿ, ಕಾಂತಗಳನ್ನೂ ತಿರುಗುಮುರುಗು ಇಟ್ಟರೆ ಹೊರಗಿನ ಗುಂಯ್ ಪರಸ್ಪರ ಕಳೆಯುತ್ತದೆ, ತಂತಿಯ ನಾದ ಕೂಡುತ್ತದೆ. ಆದರೆ ಬಿಡಿಸಿ ನುಡಿಸುವ ಕಾರ್ಡುಗಳಲ್ಲಿ ಸಿಂಗಲ್ ಕಾಯಿಲಿನ ಸ್ಫುಟತೆ ನನಗೆ ಬೇಕಿತ್ತು. ಅದೇ ತತ್ತ್ವ ಸಿಂಗಲ್ ಕಾಯಿಲಿನಲ್ಲೂ ಅರ್ಧ ಸಿಗುತ್ತದೆ. ನಡುವಿನ ಪಿಕಪ್ಪನ್ನು ವಿರುದ್ಧವಾಗಿ ಸುತ್ತಿ, ಕಾಂತವನ್ನೂ ತಿರುಗಿಸಿದ್ದರೆ ನಡುವಿನದು ಪಕ್ಕದ ಪಿಕಪ್ಪಿನೊಡನೆ ಸೇರುವ, ಸ್ವಿಚ್ಚಿನ 2 ಮತ್ತು 4ನೆಯ ಸ್ಥಾನಗಳಲ್ಲಿ ಗುಂಯ್ ಇರುವುದಿಲ್ಲ. 1954ರಲ್ಲಿ ಸ್ಟ್ರಾಟೋಕಾಸ್ಟರ್ ಬಂದಾಗ ಸ್ವಿಚ್ಚಿಗೆ ಮೂರೇ ಸ್ಥಾನವಿತ್ತು. ವಾದಕರು ಸ್ವಿಚ್ಚನ್ನು ನಡುವೆ ಸಿಕ್ಕಿಸಿ ಎರಡು ಪಿಕಪ್ಪುಗಳ ನಾದ ಬೆರೆಸುತ್ತಿದ್ದರು. ಫೆಂಡರ್ ಕಂಪನಿ ಐದು ಸ್ಥಾನದ ಸ್ವಿಚ್ ಕೊಟ್ಟದ್ದು 1977ರಲ್ಲಿ.

ದೇಶದೊಳಗೇ ಕೈಯಿಂದ ಪಿಕಪ್ ಸುತ್ತುವವರೊಬ್ಬರಿಂದ ಆಲ್ನಿಕೋ 5 ಕಾಂತದ ಮೂರರ ಸೆಟ್ ತರಿಸಿದೆ. ಇದರಲ್ಲಿ ಕಂಬಗಳೇ ಕಾಂತಗಳು. ಅಲ್ಯೂಮಿನಿಯಂ, ನಿಕ್ಕಲ್, ಕೋಬಾಲ್ಟ್ ಬೆರೆತ ಈ ಲೋಹ ಉಕ್ಕಿನ ಕಂಬಗಳಷ್ಟು ಇಂಡಕ್ಟೆನ್ಸ್ ಏರಿಸುವುದಿಲ್ಲ, ಹಾಗಾಗಿ ಮೇಲಿನ ಸ್ವರಾಂಶಗಳು ತೆರೆದುಕೊಳ್ಳುತ್ತವೆ. ಕಂಬಗಳೆಲ್ಲ ಒಂದೇ ಎತ್ತರದವನ್ನು ಕೇಳಿದೆ. ಹಳೆಯ ಮಾದರಿಯ ಏರುಪೇರಿನ ಕಂಬಗಳನ್ನು ಮೂರನೆಯ ತಂತಿಯೂ ಸುತ್ತುತಂತಿಯಾಗಿದ್ದ ಕಾಲಕ್ಕೆ ಹೊಂದಿಸಿದ್ದರು. ಇಂದಿನ ಬರಿಯ ತಂತಿಗೆ ಆ ಎತ್ತರದ ಕಂಬ ಇದ್ದರೆ ಜಿ ತಂತಿಯೊಂದೇ ಕೂಗುತ್ತದೆ.

ಕಿಲೋ ಓಮ್ ನೋಡಿ ಪಿಕಪ್ಪಿನ ಶಕ್ತಿ ಅಳೆಯುವ ವಾಡಿಕೆಯನ್ನು ನಾನು ಒಪ್ಪುವುದಿಲ್ಲ. ವಯರಿನ ದಪ್ಪ ಬದಲಾದರೆ ಆ ಅಂಕಿಯೇ ಬದಲಾಗುತ್ತದೆ. ತಾಮ್ರದ ರೆಸಿಸ್ಟೆನ್ಸ್ ಪ್ರತಿ ಡಿಗ್ರಿಗೆ ಶೇಕಡಾ 0.4ರಷ್ಟು ಏರುವುದರಿಂದ, ಆಟಿಯ ತಂಪಿನಲ್ಲಿ 6 ಕಿಲೋ ಓಮ್ ತೋರುವ ಪಿಕಪ್ ನಮ್ಮ ಮೇ ತಿಂಗಳ ಸೆಕೆಯಲ್ಲಿ 6.2 ದಾಟುತ್ತದೆ. ಅಳತೆ ಮಾಡುವುದು ಸುರುಳಿ ಕಡಿದಿಲ್ಲ ಎಂದು ಖಚಿತಪಡಿಸಿಕೊಳ್ಳಲು, ಅಷ್ಟೇ.

ಹಳೆಯ ಕ್ರಮದಲ್ಲಿ ಕಟ್ಟಿದ ಪಿಕಪ್ಪಿನಲ್ಲಿ 0.06 ಮಿಲಿಮೀಟರ್ ದಪ್ಪದ ವಯರನ್ನು ಕಾಂತದ ಕಂಬಗಳ ಮೇಲೆಯೇ ಸುತ್ತಿರುತ್ತಾರೆ. ಎತ್ತರ ಸರಿಮಾಡಲೆಂದು ಕಂಬವನ್ನು ಬೆರಳಿನಿಂದ ಒತ್ತಿದರೆ ಒಳಗಿನ ಸುತ್ತು ಕಡಿದು ಪಿಕಪ್ ಸತ್ತುಹೋಗುತ್ತದೆ. ಕಬ್ಬಿಣದ ಸ್ಕ್ರೂಡ್ರೈವರ್ ಕಾಂತದ ಸೆಳೆತಕ್ಕೆ ಹಾರಿ ಸುರುಳಿಗೆ ಬಡಿಯದಂತೆ ಅಂಚಿಗೆ ಟೇಪ್ ಸುತ್ತಿಕೊಂಡು ಕೆಲಸ ಮಾಡಿದೆ. ನಡುವಿನ ಪಿಕಪ್ ತಿರುಗುಮುರುಗು ಹೌದೇ ಎಂದು ಸಣ್ಣ ದಿಕ್ಸೂಚಿ ಹಿಡಿದು ನೋಡಿದೆ. ಮುಳ್ಳು ಉಳಿದೆರಡಕ್ಕೆ ಒಂದು ತುದಿ ತೋರಿಸಿ, ಇದಕ್ಕೆ ಇನ್ನೊಂದು ತುದಿ ತೋರಿಸಿತು.

ಬೆಸುಗೆ ಮುಗಿದ ಮೇಲೆ ಎತ್ತರ ಹೊಂದಿಸುವುದಕ್ಕೇ ಹೆಚ್ಚು ತಾಳ್ಮೆ ಬೇಕಾಯಿತು. ಕೊನೆಯ ಫ್ರೆಟ್ಟಿನಲ್ಲಿ ತಂತಿ ಒತ್ತಿ ಹಿಡಿದು, ತಂತಿಯ ತಳದಿಂದ ಕಂಬದ ತಲೆಗೆ ದಪ್ಪ ತಂತಿಯ ಬದಿಯಲ್ಲಿ 2.4 ಮಿಲಿಮೀಟರ್, ಸಪೂರ ತಂತಿಯ ಬದಿಯಲ್ಲಿ 2 ಮಿಲಿಮೀಟರ್ ಎಂಬುದು ಆರಂಭಕ್ಕೆ ಒಳ್ಳೆಯ ಅಳತೆ. ಆಲ್ನಿಕೋ ಕಂಬಗಳು ತಂತಿಯನ್ನು ಬಲವಾಗಿ ಸೆಳೆಯುತ್ತವೆ. ನೆಕ್ ಪಿಕಪ್ ತೀರಾ ಮೇಲಿದ್ದರೆ ದಪ್ಪ ತಂತಿಯ ಮೇಲಿನ ಸ್ವರಗಳು ಅಲೆಯಂತೆ ನಡುಗಿ, ಶ್ರುತಿ ಕೂಡಿಸಿದರೂ ಕೂಡದ ಹಾಗೆ ಕೇಳಿಸುತ್ತವೆ. ನೆಕ್ಕನ್ನು ಇನ್ನಷ್ಟು ಇಳಿಸಿ, ಬ್ರಿಜ್ ಪಿಕಪ್ಪನ್ನು ಸ್ವಲ್ಪ ಏರಿಸಿ, ಸ್ವಿಚ್ ಬದಲಿಸಿದಾಗ ಮೂರರ ಮಟ್ಟವೂ ಒಂದೇ ಆಗುವಲ್ಲಿ ನಿಲ್ಲಿಸಿದೆ.

ರೆಕಾರ್ಡಿಂಗುಗಳನ್ನು ಸಾಲಾಗಿ ಕೇಳಿದರೆ ಹೊಸ ಪಿಕಪ್ಪಿನ ವ್ಯತ್ಯಾಸ ಸ್ಪಷ್ಟವಿದೆ: ಕೆಳಗಿನ ತಂತಿಗಳು ಬಿಗಿಯಾಗಿವೆ, ಮೀಟಿದ ಕ್ಷಣದ ಟಣತ್ಕಾರ ಒರಟಾಗಿಲ್ಲ, 4ನೆಯ ಸ್ಥಾನದ ನಾದ ಮಲಯಾಳದ ನಿಧಾನಗತಿಯ ಹಾಡುಗಳಿಗೆ ಹೇಳಿ ಮಾಡಿಸಿದಂತಿದೆ. ಆದರೂ ಕಂಟ್ರೋಲ್ ಮತ್ತು ಟ್ರೆಬಲ್ ಬ್ಲೀಡ್ ತಂದ ಬದಲಾವಣೆ ಅದಕ್ಕಿಂತ ದೊಡ್ಡದು. ಟೇಪು, ಕಂಟ್ರೋಲು, ವಯರು ಎಲ್ಲ ಸೇರಿ ಪಿಕಪ್ಪಿನ ಬೆಲೆಯ ಕಾಲುಭಾಗವೂ ಆಗಿರಲಿಲ್ಲ. ಹಣ ಕಡಿಮೆಯಿದ್ದವರು ಪಿಕಪ್ಪಿಗೆ ಕೈಹಾಕದೆ ಅಲ್ಲಿಗೇ ನಿಲ್ಲಿಸಿದರೂ ನಷ್ಟವಿಲ್ಲ.

ನವರಾತ್ರಿಯ ಕಾರ್ಯಕ್ರಮದಲ್ಲಿ ವೇದಿಕೆಗೆ ತಂದೆ. 2 ಮತ್ತು 4ರಲ್ಲಿ ಸೀರೀಸ್ ಲೈಟುಗಳೆಲ್ಲ ಉರಿಯುತ್ತಿದ್ದರೂ ಸದ್ದಿಲ್ಲ. ಮೈಕ್‌ಸೆಟ್ಟಿನ ಮಿಕ್ಸರ್ ಮುಂದೆ ಕುಳಿತಿದ್ದ ಅಪ್ಪಚ್ಚಿ, ಗಿಟಾರಿನ ಜ್ಯಾಕ್ ಕಳಚಿಬಿದ್ದಿದೆಯೇ ಎಂದು ಹಾಡುಗಳ ನಡುವೆ ಒಮ್ಮೆ ಕೈಸನ್ನೆಯಲ್ಲಿ ಕೇಳಿದರು. 1, 3, 5ರಲ್ಲಿ ಆಳದ ಗುಂಯ್ ಸ್ವಲ್ಪ ಇದ್ದೇ ಇದೆ. ಸುರುಳಿಯ ಕೆಳಗೆ ಇನ್ನೊಂದು ಸುರುಳಿ ಇರುವ ಸದ್ದಿಲ್ಲದ ಪಿಕಪ್ಪುಗಳು ಸಿಗುತ್ತವೆ, ಆದರೆ ಅವುಗಳ ನಾದ ನನಗೆ ಒಗ್ಗಲಿಲ್ಲ. ಬ್ರಿಜ್ ಒಂದನ್ನೇ ಬಳಸುವ ಬಿಜಿಎಂ ಬಂದಾಗ ಸದ್ದು ಇಳಿಯುವ ದಿಕ್ಕಿಗೆ ತಿರುಗಿ ನಿಲ್ಲುತ್ತೇನೆ. ವೇದಿಕೆ ಚಿಕ್ಕದಾಗಿದ್ದರೆ ಸಮಿತಿಯವರನ್ನು ಕೇಳಿ ನನ್ನ ಬದಿಯ ಹಳೆಯ ಚೋಕಿನ ಟ್ಯೂಬ್‌ಲೈಟೊಂದನ್ನು ಆರಿಸಿಸುತ್ತೇನೆ, ಇದುವರೆಗೆ ಯಾರೂ ಆಗದು ಎಂದಿಲ್ಲ.